ಕೋಟಾ ಕಳಚಿದ ಮೇಲೆ: 1989ರ ಕಾಫಿ ಒಪ್ಪಂದದ ಕುಸಿತ ಮತ್ತು ತುಲನಾತ್ಮಕ ಅನುಕೂಲದ ಮರುಹಂಚಿಕೆ

1989ರ ಜುಲೈ 4ರಂದು ಲಂಡನ್ನಿನ ಅಂತರರಾಷ್ಟ್ರೀಯ ಕಾಫಿ ಸಂಸ್ಥೆಯು ತನ್ನ ಸದಸ್ಯ ದೇಶಗಳ ರಫ್ತು ಕೋಟಾಗಳನ್ನು, ಅಂದರೆ ಪ್ರತಿ ದೇಶ ಎಷ್ಟು ಕಾಫಿ ರಫ್ತು ಮಾಡಬಹುದೆಂಬ ಮಿತಿಗಳನ್ನು, ಅಮಾನತಿನಲ್ಲಿಟ್ಟಿತು. ಆ ದಿನ ಯಾವ ದೇಶದ ಮಣ್ಣೂ ಬದಲಾಗಲಿಲ್ಲ, ಮಳೆಯ ಲೆಕ್ಕವೂ ಬದಲಾಗಲಿಲ್ಲ, ಕೂಲಿಯ ದರವೂ ಬದಲಾಗಲಿಲ್ಲ. ಆದರೂ ಮುಂದಿನ ಹತ್ತು ಹನ್ನೆರಡು ವರ್ಷಗಳಲ್ಲಿ ಕಾಫಿ ಬೆಳೆಯುವ ದೇಶಗಳ ಶ್ರೇಣಿಯೇ ತಲೆಕೆಳಗಾಯಿತು. 1980ರ ದಶಕದ ಮಧ್ಯದಲ್ಲಿ ಕೆಲವೇ ಲಕ್ಷ ಮೂಟೆ ಬೆಳೆಯುತ್ತಿದ್ದ ವಿಯೆಟ್ನಾಂ ಶತಮಾನ ಮುಗಿಯುವ ಹೊತ್ತಿಗೆ ಕೊಲಂಬಿಯಾವನ್ನು ಹಿಂದಿಕ್ಕಿ ಎರಡನೇ ಸ್ಥಾನಕ್ಕೆ ಬಂದಿತು; ಒಂದು ಕಾಲಕ್ಕೆ ಜಗತ್ತಿನಲ್ಲಿ ಮೂರನೆಯದಾಗಿದ್ದ ಐವರಿ ಕೋಸ್ಟ್ ಲೆಕ್ಕದಿಂದಲೇ ಹೊರಬೀಳುವಷ್ಟು ಕುಗ್ಗಿತು. ಒಂದು ದೇಶಕ್ಕೆ ಕಾಫಿಯಲ್ಲಿ ತುಲನಾತ್ಮಕ ಅನುಕೂಲವಿದೆ ಎಂದು ಹೇಳುವಾಗ ಅದರಲ್ಲಿ ಭೂಮಿಯ ಗುಣ ಎಷ್ಟು, ವ್ಯಾಪಾರದ ಕಟ್ಟುಪಾಡಿನ ಕೈವಾಡ ಎಷ್ಟು ಎಂಬ ಪ್ರಶ್ನೆಯನ್ನು ಪರಿಶೀಲಿಸಲು ಇದಕ್ಕಿಂತ ಸ್ಪಷ್ಟವಾದ ಪ್ರಕರಣ ಸಿಗುವುದು ಕಷ್ಟ.

ತುಲನಾತ್ಮಕ ಅನುಕೂಲದ ಸಿದ್ಧಾಂತವನ್ನು ಡೇವಿಡ್ ರಿಕಾರ್ಡೊ 1817ರಲ್ಲಿ ಇಂಗ್ಲೆಂಡಿನ ಬಟ್ಟೆ ಮತ್ತು ಪೋರ್ಚುಗಲ್ಲಿನ ದ್ರಾಕ್ಷಾರಸದ ಉದಾಹರಣೆಯಿಂದ ವಿವರಿಸಿದನು. ಒಂದು ಸರಕನ್ನು ಉತ್ಪಾದಿಸುವುದಕ್ಕಾಗಿ ಒಂದು ದೇಶ ಕೈಬಿಡಬೇಕಾದ ಇನ್ನೊಂದು ಸರಕಿನ ಪ್ರಮಾಣವು ಬೇರೆ ದೇಶಕ್ಕೆ ಹೋಲಿಸಿದರೆ ಕಡಿಮೆಯಿದ್ದಲ್ಲಿ, ಆ ಸರಕಿನಲ್ಲಿ ಆ ದೇಶಕ್ಕೆ ಅನುಕೂಲವಿದೆ ಎಂಬುದು ಅದರ ಸಾರ. ಪಾಠಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಸಂಗತಿಯೊಂದಿದೆ: ಪೋರ್ಚುಗಲ್ಲಿನ ದ್ರಾಕ್ಷಾರಸ ಇಂಗ್ಲೆಂಡಿನಲ್ಲಿ ನೆಲೆಯೂರಿದ್ದು 1703ರ ಮೆಥುಯೆನ್ ಒಪ್ಪಂದದ ಬಲದಿಂದ. ಆ ಒಪ್ಪಂದದ ಪ್ರಕಾರ ಫ್ರಾನ್ಸಿನ ದ್ರಾಕ್ಷಾರಸಕ್ಕಿಂತ ಪೋರ್ಚುಗಲ್ಲಿನದಕ್ಕೆ ಸುಂಕ ಮೂರನೇ ಒಂದು ಪಾಲು ಕಡಿಮೆಯಿತ್ತು, ಪ್ರತಿಯಾಗಿ ಇಂಗ್ಲೆಂಡಿನ ಉಣ್ಣೆ ಬಟ್ಟೆಗೆ ಪೋರ್ಚುಗಲ್ಲಿನ ಬಾಗಿಲು ತೆರೆದಿತ್ತು. ಅಂದರೆ ಸಿದ್ಧಾಂತದ ಮೊದಲ ಉದಾಹರಣೆಯ ಹಿಂದೆಯೇ ನೂರು ವರ್ಷ ಹಳೆಯದಾದ ಒಂದು ವ್ಯಾಪಾರ ಒಪ್ಪಂದವಿತ್ತು. ಕಾಫಿಯ ವಿಷಯದಲ್ಲಿ ಇದು ಇನ್ನೂ ಢಾಳಾಗಿ ಕಾಣುತ್ತದೆ.

ಒಪ್ಪಂದಕ್ಕೆ ಮುನ್ನ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜಗತ್ತಿನ ಕಾಫಿಯಲ್ಲಿ ಮುಕ್ಕಾಲು ಪಾಲಿನಷ್ಟನ್ನು ಬ್ರೆಜಿಲ್ ಒಂದೇ ಬೆಳೆಯುತ್ತಿತ್ತು. 1906ರಲ್ಲಿ ಸಾವೊ ಪಾವ್ಲೊ, ಮಿನಾಸ್ ಜೆರೈಸ್ ಮತ್ತು ರಿಯೊ ಡಿ ಜನೈರೊ ಪ್ರಾಂತ್ಯಗಳು ತೌಬಾತೆಯಲ್ಲಿ ಸೇರಿ, ಹೆಚ್ಚುವರಿ ಬೆಳೆಯನ್ನು ಖರೀದಿಸಿ ದಾಸ್ತಾನಿಟ್ಟು ಬೆಲೆಯನ್ನು ಎತ್ತಿಹಿಡಿಯಲು ತೀರ್ಮಾನಿಸಿದವು. 1931ರಿಂದ 1944ರ ನಡುವೆ ಸರ್ಕಾರವು ತಲಾ 60 ಕಿಲೋದ ಸುಮಾರು 7.8 ಕೋಟಿ ಮೂಟೆ ಕಾಫಿಯನ್ನು ನಾಶಪಡಿಸಿತು. ಬೆಲೆಯೇನೋ ಒಂದಿಷ್ಟು ನಿಂತಿತು. ಆದರೆ ಬ್ರೆಜಿಲ್ ಸ್ವಂತ ಖರ್ಚಿನಲ್ಲಿ ಹಿಡಿದ ಈ ಕೊಡೆಯ ಅಡಿಯಲ್ಲಿ ಕೊಲಂಬಿಯಾ, ಮಧ್ಯ ಅಮೆರಿಕ ಮತ್ತು ಆಫ್ರಿಕಾದ ಬೆಳೆಗಾರರು ನಿಶ್ಚಿಂತೆಯಿಂದ ಹೊಸ ತೋಟಗಳನ್ನು ಎಬ್ಬಿಸಿದರು. ಒಂದು ದೇಶದ ಬೆಲೆನೀತಿ ಇನ್ನೊಂದು ದೇಶದ ಅನುಕೂಲವಾಗಿ ಪರಿಣಮಿಸಬಹುದು ಎಂಬುದು ಆಗಲೇ ರುಜುವಾತಾಗಿತ್ತು. ಭಾರವನ್ನು ಎಲ್ಲರೂ ಹೊರಬೇಕು ಎಂಬ ಬ್ರೆಜಿಲ್ಲಿನ ಒತ್ತಾಯವೇ ಮುಂದಿನ ಅಂತರರಾಷ್ಟ್ರೀಯ ಒಪ್ಪಂದದ ಮೂಲ.

1962ರಲ್ಲಿ ಆ ಒಪ್ಪಂದಕ್ಕೆ ಸಹಿ ಬಿದ್ದಿತು. ಕೊಳ್ಳುವ ದೇಶಗಳು, ಅದರಲ್ಲೂ ಅಮೆರಿಕ, ಹೆಚ್ಚು ಬೆಲೆ ಕೊಡುವ ಒಪ್ಪಂದಕ್ಕೆ ಏಕೆ ತಲೆಬಾಗಿದವು ಎಂದು ಆಶ್ಚರ್ಯವಾಗಬಹುದು. ಕ್ಯೂಬಾದ ಕ್ರಾಂತಿಯ ನಂತರ ಲ್ಯಾಟಿನ್ ಅಮೆರಿಕದ ಗ್ರಾಮಾಂತರ ಪ್ರದೇಶಗಳು ಕೈತಪ್ಪಬಾರದು ಎಂಬ ಶೀತಲ ಸಮರದ ಲೆಕ್ಕಾಚಾರವೇ ಅದಕ್ಕೆ ಕಾರಣ.

ಕೋಟಾ ನಡೆದ ಬಗೆ

ಒಪ್ಪಂದದ ಒಳಗೆ ರಫ್ತುದಾರ ದೇಶಗಳಿಗೆ ಒಟ್ಟು 1,000 ಮತ, ಆಮದುದಾರ ದೇಶಗಳಿಗೆ ಒಟ್ಟು 1,000 ಮತ ಇದ್ದವು, ಯಾವ ದೇಶಕ್ಕೂ 400ಕ್ಕಿಂತ ಹೆಚ್ಚು ಸಲ್ಲುತ್ತಿರಲಿಲ್ಲ. ಮುಖ್ಯ ತೀರ್ಮಾನಗಳಿಗೆ ಎರಡೂ ಬಣಗಳಲ್ಲಿ ಪ್ರತ್ಯೇಕವಾಗಿ ಮೂರನೇ ಎರಡರಷ್ಟು ಬಹುಮತ ಬೇಕಾಗಿತ್ತು. ಕಾಫಿಯನ್ನು ಕೊಲಂಬಿಯನ್ ಮೈಲ್ಡ್, ಇತರ ಮೈಲ್ಡ್, ಬ್ರೆಜಿಲ್ ಹಾಗೂ ಇತರ ನ್ಯಾಚುರಲ್, ರೊಬಸ್ಟಾ ಎಂಬ ನಾಲ್ಕು ಗುಂಪುಗಳಾಗಿ ವಿಂಗಡಿಸಲಾಗಿತ್ತು. ಮೈಲ್ಡ್ ಎಂದರೆ ತೊಳೆದು ಸಂಸ್ಕರಿಸಿದ ಅರೇಬಿಕಾ, ನ್ಯಾಚುರಲ್ ಎಂದರೆ ಹಣ್ಣನ್ನು ತೊಳೆಯದೆ ಹಾಗೆಯೇ ಒಣಗಿಸಿದ ಅರೇಬಿಕಾ. ಇವುಗಳಲ್ಲಿ ಇತರ ಮೈಲ್ಡ್ ಮತ್ತು ರೊಬಸ್ಟಾ ಬೆಲೆಗಳಿಂದ ಲೆಕ್ಕಹಾಕಿದ ಸಂಯುಕ್ತ ಸೂಚಕ ಬೆಲೆಯನ್ನು 1980ರ ದಶಕದಲ್ಲಿ ಒಂದು ಪೌಂಡ್ ತೂಕಕ್ಕೆ 120ರಿಂದ 140 ಅಮೆರಿಕನ್ ಸೆಂಟ್‌ಗಳ ನಡುವೆ ಉಳಿಸಿಕೊಳ್ಳುವುದು ಗುರಿ. ಬೆಲೆ ಇಳಿದರೆ ಕೋಟಾ ಕಡಿತ, ಏರಿದರೆ ಹೆಚ್ಚಳ, ಮಿತಿಮೀರಿ ಏರಿದರೆ ಕೋಟಾ ಪೂರ್ತಿ ಅಮಾನತು.

ಕಾಗದದ ಮೇಲೆ ಇದು ಸರಳ. ನಡೆಯುತ್ತಿದ್ದುದು ಹೀಗೆ: ರವಾನೆಯಾಗುವ ಪ್ರತಿ ಸರಕಿಗೂ ಒಂದು ಮೂಲ ಪ್ರಮಾಣಪತ್ರ ಇರಬೇಕಿತ್ತು. ಲಂಡನ್ನಿನ ಸಂಸ್ಥೆ ಪ್ರತಿ ದೇಶಕ್ಕೂ ಅದರ ಕೋಟಾಕ್ಕೆ ಸರಿಯಾಗಿ ರಫ್ತು ಚೀಟಿಗಳನ್ನು ಮುದ್ರಿಸಿ ಕಳುಹಿಸುತ್ತಿತ್ತು. ಆ ಚೀಟಿಗಳನ್ನು ಪ್ರಮಾಣಪತ್ರದ ಮೇಲೆ ತೂಕಕ್ಕೆ ತಕ್ಕಷ್ಟು ಅಂಟಿಸಿದ್ದರೆ ಮಾತ್ರ ಸದಸ್ಯ ಆಮದು ದೇಶದ ಸುಂಕದ ಕಟ್ಟೆ ಸರಕನ್ನು ಒಳಗೆ ಬಿಡುತ್ತಿತ್ತು. ಹೀಗಾಗಿ ಗೋದಾಮಿನಲ್ಲಿ ಎಂಥ ಒಳ್ಳೆಯ ಬೀಜವಿದ್ದರೂ ಚೀಟಿಯಿಲ್ಲದೆ ಅದಕ್ಕೆ ಪೂರ್ಣ ಬೆಲೆ ಹುಟ್ಟುತ್ತಿರಲಿಲ್ಲ. ಕೆಲವು ದೇಶಗಳಲ್ಲಿ ರಫ್ತು ಮಾಡುವ ಹಕ್ಕಿಗೇ ಒಂದು ಬೆಲೆ ಬಂದುಬಿಟ್ಟಿತು. ಬೆಳೆಯುವುದರಲ್ಲಿ ನಿಪುಣರಾದವರಿಗಿಂತ ಹಕ್ಕನ್ನು ಹಂಚುವ ಕಚೇರಿಗೆ ಹತ್ತಿರವಿದ್ದವರಿಗೆ ಲಾಭ ಹೆಚ್ಚು ದೊರೆಯಿತು.

ಕೋಟಾದ ಹಂಚಿಕೆಗೆ ಆಧಾರ ಹಿಂದಿನ ವರ್ಷಗಳ ರಫ್ತಿನ ಪಾಲು. ಬ್ರೆಜಿಲ್ಲಿಗೆ ಒಟ್ಟು ಕೋಟಾದಲ್ಲಿ ಶೇ 30ರಷ್ಟು ಸಿಗುತ್ತಿತ್ತು, ಕೊಲಂಬಿಯಾಕ್ಕೆ ಅದರ ಅರ್ಧಕ್ಕಿಂತ ತುಸು ಹೆಚ್ಚು. ತುಲನಾತ್ಮಕ ಅನುಕೂಲದ ದೃಷ್ಟಿಯಿಂದ ನೋಡಿದರೆ ಇಡೀ ವ್ಯವಸ್ಥೆಯ ತಿರುಳು ಇರುವುದೇ ಇಲ್ಲಿ. ಕಡಿಮೆ ಖರ್ಚಿನಲ್ಲಿ ಹೆಚ್ಚು ಬೆಳೆಯಲು ಕಲಿತ ದೇಶಕ್ಕೆ ಹೆಚ್ಚು ಮಾರುವ ಅವಕಾಶವಿರಲಿಲ್ಲ. ಖರ್ಚು ಏರಿದ ದೇಶ ತನ್ನ ಪಾಲನ್ನು ಕಳೆದುಕೊಳ್ಳುವ ಭಯವೂ ಇರಲಿಲ್ಲ. ಕೋಟಾ ಇದ್ದಷ್ಟು ಕಾಲ ಒಂದು ದೇಶಕ್ಕೆ ಬೇಕಾಗಿದ್ದ ಸಾಮರ್ಥ್ಯಗಳೆಂದರೆ ದಾಸ್ತಾನು ಹಿಡಿದಿಡುವ ಹಣಬಲ, ಬೆಳೆಯನ್ನು ಒಂದೆಡೆ ಕೂಡಿಸುವ ಸರ್ಕಾರಿ ಮಂಡಳಿ, ಮತ್ತು ಲಂಡನ್ನಿನ ಮೇಜಿನ ಮುಂದೆ ಹಟ ಹಿಡಿದು ಕೂರುವ ತಾಳ್ಮೆ. 1952ರಲ್ಲಿ ಸ್ಥಾಪನೆಯಾದ ಬ್ರೆಜಿಲ್ ಕಾಫಿ ಸಂಸ್ಥೆ, 1927ರಿಂದ ಇದ್ದ ಕೊಲಂಬಿಯಾದ ಬೆಳೆಗಾರರ ಒಕ್ಕೂಟ, ಉಗಾಂಡಾದ ಕಾಫಿ ಮಾರಾಟ ಮಂಡಳಿ, ಐವರಿ ಕೋಸ್ಟಿನ ಬೆಲೆ ಸ್ಥಿರೀಕರಣ ಮಂಡಳಿಯಾದ ಕೈಸ್ತಾಬ್ ಎಲ್ಲವೂ ಈ ಸಾಮರ್ಥ್ಯಗಳ ಸುತ್ತ ಬೆಳೆದವು.

ಒಪ್ಪಂದದ ಹೊರಗಿದ್ದ ದೇಶಗಳಿಗೆ ಕೋಟಾ ಅನ್ವಯವಾಗುತ್ತಿರಲಿಲ್ಲ. ಸೋವಿಯತ್ ಬಣ ಮುಂತಾದ ಸದಸ್ಯೇತರ ದೇಶಗಳಿಗೆ ಮಿಕ್ಕ ಕಾಫಿಯನ್ನು ಭಾರಿ ರಿಯಾಯಿತಿಯಲ್ಲಿ, ಕೆಲವೊಮ್ಮೆ ಅರ್ಧ ಬೆಲೆಗೇ, ಮಾರಲಾಗುತ್ತಿತ್ತು. ಅದರಲ್ಲಿ ಒಂದು ಭಾಗ ಸುತ್ತಿ ಬಳಸಿ ಸದಸ್ಯ ದೇಶಗಳ ಮಾರುಕಟ್ಟೆಗೇ ಬಂದು ಸೇರುತ್ತಿತ್ತು. ವ್ಯಾಪಾರಿಗಳು ಅದನ್ನು ಪ್ರವಾಸಿ ಕಾಫಿ ಎಂದು ಕರೆಯುತ್ತಿದ್ದರು. ಒಪ್ಪಂದವನ್ನು ಒಳಗಿನಿಂದ ಸವೆಸಿದ ಕಾರಣಗಳಲ್ಲಿ ಇದು ಮುಖ್ಯವಾದುದು.

ಮಾತುಕತೆ ಮುರಿದದ್ದು

1988–89ರ ಮಾತುಕತೆಯಲ್ಲಿ ಅಮೆರಿಕ ಎರಡು ಬೇಡಿಕೆಗಳನ್ನು ಇಟ್ಟಿತು. ಸದಸ್ಯೇತರ ದೇಶಗಳಿಗೆ ಅಗ್ಗದ ಮಾರಾಟ ನಿಲ್ಲಬೇಕು ಎಂಬುದು ಒಂದು. ಅಮೆರಿಕನ್ನರ ರುಚಿ ತೊಳೆದ ಅರೇಬಿಕಾದ ಕಡೆಗೆ ವಾಲಿದ್ದರಿಂದ ಮಧ್ಯ ಅಮೆರಿಕದ ಇತರ ಮೈಲ್ಡ್ ಗುಂಪಿಗೆ ಹೆಚ್ಚು ಕೋಟಾ ಸಿಗಬೇಕು ಎಂಬುದು ಇನ್ನೊಂದು. ಮಧ್ಯ ಅಮೆರಿಕದ ದೇಶಗಳಿಗೂ ಅದೇ ಬೇಕಿತ್ತು. ಬ್ರೆಜಿಲ್ ತನ್ನ ಪಾಲಿನಲ್ಲಿ ಕಡಿತವನ್ನು ಒಪ್ಪಲಿಲ್ಲ. ಅತ್ತ ಶೀತಲ ಸಮರದ ಬಿಸಿ ಆರುತ್ತಿದ್ದುದರಿಂದ ಅಮೆರಿಕಕ್ಕೆ ಒಪ್ಪಂದವನ್ನು ಉಳಿಸಿಕೊಳ್ಳುವ ರಾಜಕೀಯ ಅಗತ್ಯವೂ ಉಳಿದಿರಲಿಲ್ಲ. ಕೋಟಾ ಅಮಾನತಾಯಿತು, ಮತ್ತೆ ಜಾರಿಗೆ ಬರಲೇ ಇಲ್ಲ.

1988ರಲ್ಲಿ ಸರಾಸರಿ 116 ಸೆಂಟ್ ಇದ್ದ ಸಂಯುಕ್ತ ಬೆಲೆ 1990ರಲ್ಲಿ 72 ಸೆಂಟ್‌ಗೆ, 1992ರಲ್ಲಿ 53 ಸೆಂಟ್‌ಗೆ ಇಳಿಯಿತು. ಬೆಳೆಯುವ ದೇಶಗಳ ಗೋದಾಮುಗಳಲ್ಲಿ ಕೂತಿದ್ದ ದಾಸ್ತಾನು ಕೆಲವೇ ತಿಂಗಳುಗಳಲ್ಲಿ ಕೊಳ್ಳುವ ದೇಶಗಳ ಬಂದರುಗಳಿಗೆ ಸಾಗಿತು. ಬೆಲೆಯ ಕುಸಿತಕ್ಕಿಂತ ಈ ಸ್ಥಳಾಂತರ ಹೆಚ್ಚು ಗಂಭೀರವಾದುದೆಂದು ನನ್ನ ಅಭಿಪ್ರಾಯ. ದಾಸ್ತಾನು ಯಾರ ಕೈಯಲ್ಲಿದೆಯೋ ಅವರಿಗೆ ಕಾಯುವ ಶಕ್ತಿಯಿರುತ್ತದೆ, ಬೆಳೆಗಾರನಿಗೆ ಅದು ಇರುವುದಿಲ್ಲ. 1994ರಲ್ಲಿ ಬ್ರೆಜಿಲ್ ತೋಟಗಳು ಚಳಿಗೆ ಸುಟ್ಟುಹೋದಾಗ ಬೆಲೆ ಜಿಗಿಯಿತು. ಆ ಜಿಗಿತವನ್ನು ನೋಡಿ ನೆಟ್ಟ ಗಿಡಗಳು ಫಸಲಿಗೆ ಬರುವ ಹೊತ್ತಿಗೆ ಬೆಲೆ ಮತ್ತೆ ಕುಸಿದು, 2001ರಲ್ಲಿ ಸರಾಸರಿ 45.6 ಸೆಂಟ್ ಮುಟ್ಟಿತು.

ಒಂದೇ ರೊಬಸ್ಟಾ, ಎರಡು ದೇಶ

ಕೋಟಾ ಹೋದ ಮೇಲೆ ಭೂಮಿಯ ನಿಜವಾದ ಅನುಕೂಲ ಹೊರಬಂದಿತು, ಅಗ್ಗವಾಗಿ ಬೆಳೆಯಬಲ್ಲವರು ಗೆದ್ದರು ಎಂದು ಈ ಪ್ರಕರಣವನ್ನು ಎರಡು ಮಾತಿನಲ್ಲಿ ಮುಗಿಸುವುದುಂಟು. ವಿಯೆಟ್ನಾಂ ಮತ್ತು ಐವರಿ ಕೋಸ್ಟ್ ದೇಶಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಆ ವಿವರಣೆ ನಿಲ್ಲುವುದಿಲ್ಲ. ಎರಡೂ ಕಡೆ ಬೆಳೆ ರೊಬಸ್ಟಾ, ಎರಡೂ ಕಡೆ ಬೆಳೆಗಾರರು ಸಣ್ಣ ಹಿಡುವಳಿದಾರರು.

ವಿಯೆಟ್ನಾಮಿನ ಡಾಕ್ ಲಾಕ್ ಪ್ರಾಂತ್ಯದ ಕೆಂಪು ಬಸಾಲ್ಟ್ ಮಣ್ಣು ಫಲವತ್ತಾದುದು ನಿಜ. ಆದರೆ ಅಲ್ಲಿ ಕಾಫಿ ವಿಸ್ತರಣೆಗೆ ಬುನಾದಿ ಬಿದ್ದದ್ದರಲ್ಲಿ ಒಂದು ವಸ್ತು ವಿನಿಮಯದ ಒಪ್ಪಂದದ ಪಾತ್ರ ದೊಡ್ಡದು. 1977ರ ಬೆಲೆಯೇರಿಕೆಯಲ್ಲಿ ಕಾಫಿ ಕೊಳ್ಳಲು ವಿದೇಶಿ ವಿನಿಮಯವಿಲ್ಲದೆ ಕಂಗೆಟ್ಟ ಪೂರ್ವ ಜರ್ಮನಿ, 1980ರಲ್ಲಿ ವಿಯೆಟ್ನಾಮಿನೊಂದಿಗೆ ಒಪ್ಪಂದ ಮಾಡಿಕೊಂಡು ಯಂತ್ರ, ನೀರಾವರಿ ಮತ್ತು ವಸತಿಗೆ ನೆರವು ನೀಡಿ, ಪ್ರತಿಯಾಗಿ ಮುಂದಿನ ಫಸಲಿನಲ್ಲಿ ಪಾಲು ಪಡೆಯುವ ಏರ್ಪಾಟು ಮಾಡಿಕೊಂಡಿತು. ಗಿಡಗಳು ಚೆನ್ನಾಗಿ ಫಸಲು ಕೊಡುವ ಹೊತ್ತಿಗೆ 1990ರಲ್ಲಿ ಪೂರ್ವ ಜರ್ಮನಿಯೇ ಇರಲಿಲ್ಲ. ಕೋಟಾ ಕೂಡ ಇರಲಿಲ್ಲ. 1986ರಲ್ಲಿ ಆರಂಭವಾದ ದೊಯ್ ಮೊಯ್ ಎಂಬ ಮಾರುಕಟ್ಟೆಪರ ಆರ್ಥಿಕ ಸುಧಾರಣೆಗಳು, 1988ರಲ್ಲಿ ಕುಟುಂಬಗಳಿಗೆ ಕೃಷಿಯ ಸ್ವಾತಂತ್ರ್ಯ, 1989ರಲ್ಲಿ ಡಾಂಗ್ ನಾಣ್ಯದ ಅಪಮೌಲ್ಯ, 1993ರ ಭೂಕಾಯ್ದೆಯಿಂದ ಬಹುವಾರ್ಷಿಕ ಬೆಳೆಗಳ ಭೂಮಿಗೆ 50 ವರ್ಷಗಳ ಬಳಕೆಯ ಹಕ್ಕು, ಇವೆಲ್ಲ ಒಂದರ ಹಿಂದೆ ಒಂದು ಬಂದವು. ಮಳೆ ಬಾರದ ಬೇಸಗೆಯ ತಿಂಗಳುಗಳಲ್ಲಿ ರೈತ ತನ್ನ ತೋಟದ ಬಾವಿಯಿಂದ ಪಂಪಿನಲ್ಲಿ ನೀರೆತ್ತಿ, ಪ್ರತಿ ಗಿಡದ ಬುಡದ ಪಾತಿಗೂ ಹಾಯಿಸಿ ಹೂವರಳಿಸುತ್ತಾನೆ. ಎಕರೆವಾರು ಇಳುವರಿಯಲ್ಲಿ ಆ ದೇಶ ಜಗತ್ತಿನ ಮುಂಚೂಣಿಗೆ ಬಂದದ್ದು ಈ ನೀರು, ರಸಗೊಬ್ಬರ ಮತ್ತು ಮನೆಮಂದಿಯ ದುಡಿಮೆಯಿಂದ. ಜಮೀನು ತನ್ನ ಕೈಯಲ್ಲಿ ಉಳಿಯುತ್ತದೆ, ಡಾಲರಿನ ಬೆಲೆಯಲ್ಲಿ ಬಹುಪಾಲು ತನಗೆ ತಲುಪುತ್ತದೆ ಎಂಬ ನಂಬಿಕೆ ಇಲ್ಲದೆ ಯಾವ ರೈತನೂ ಅಷ್ಟು ಬಂಡವಾಳ ಸುರಿಯುತ್ತಿರಲಿಲ್ಲ. ಕೋಟಾ ಮುಂದುವರಿದಿದ್ದರೆ ರಫ್ತಿನ ಇತಿಹಾಸವಿಲ್ಲದ ಈ ದೇಶಕ್ಕೆ ಸಿಗುತ್ತಿದ್ದ ಪಾಲು ಅತ್ಯಲ್ಪ. ಇಷ್ಟಾದರೂ ಅಂತರ್ಜಲದ ಮೇಲೆ ಬಿದ್ದ ಭಾರ, ಕಳೆದುಹೋದ ಕಾಡು ಯಾವ ರಫ್ತು ಬೆಲೆಯಲ್ಲೂ ಸೇರಲಿಲ್ಲ ಎಂಬುದನ್ನು ಮರೆಯಬಾರದು.

ಐವರಿ ಕೋಸ್ಟಿನಲ್ಲಿ ಬೆಲೆಯನ್ನು ಕೈಸ್ತಾಬ್ ನಿಗದಿ ಮಾಡುತ್ತಿತ್ತು. ಒಳ್ಳೆಯ ವರ್ಷಗಳಲ್ಲಿ ಉಳಿದ ಹಣವನ್ನು ರೈತನ ಕೆಟ್ಟ ವರ್ಷಕ್ಕೆ ಕಾಯ್ದಿರಿಸಬೇಕಿದ್ದ ಆ ಮಂಡಳಿ, ಬೆಲೆ ಕುಸಿದಾಗ ಅವನನ್ನು ರಕ್ಷಿಸುವ ಸ್ಥಿತಿಯಲ್ಲಿರಲಿಲ್ಲ. ಫ್ರಾನ್ಸಿನ ಫ್ರಾಂಕಿಗೆ ಗಂಟುಹಾಕಿದ, ಆ ದೇಶದಲ್ಲಿ ಚಲಾವಣೆಯಲ್ಲಿದ್ದ ಸಿಎಫ್ಎ ನಾಣ್ಯದ ಮೌಲ್ಯ 1994ರ ಜನವರಿಯವರೆಗೆ ಇಳಿಯಲೇ ಇಲ್ಲವಾದ್ದರಿಂದ ಡಾಲರಿನಲ್ಲಿ ಸಿಕ್ಕ ಬೆಲೆ ರೈತನ ಕೈಯಲ್ಲಿ ಇನ್ನಷ್ಟು ಸಣ್ಣದಾಯಿತು. ಪಕ್ಕದಲ್ಲೇ ಕೋಕೊ ಇತ್ತು. ಅದೇ ಭೂಮಿ, ಅದೇ ಕೈಗಳು ಕೋಕೊದಲ್ಲಿ ಹೆಚ್ಚು ಗಳಿಸಬಹುದಾಗಿದ್ದಾಗ ಮುದಿಯಾದ ಕಾಫಿ ಗಿಡಗಳನ್ನು ಹೊಸದಾಗಿ ನೆಡುವ ಉತ್ಸಾಹ ಯಾರಿಗೂ ಉಳಿಯಲಿಲ್ಲ. ರಿಕಾರ್ಡೊನ ತರ್ಕ ಅಕ್ಷರಶಃ ಕೆಲಸ ಮಾಡಿದ್ದು ಇಲ್ಲಿಯೇ: ಕಾಫಿಗಾಗಿ ಬಿಟ್ಟುಕೊಡಬೇಕಾದ ಕೋಕೊದ ಪ್ರಮಾಣ ದೊಡ್ಡದಾಗಿತ್ತು. ಆದರೆ ಆ ಪ್ರಮಾಣವನ್ನು ನಿರ್ಧರಿಸಿದ್ದರಲ್ಲಿ ನಾಣ್ಯದ ದರ ಮತ್ತು ಮಂಡಳಿಯ ಬೆಲೆಗಳಿಗೆ ಹವಾಮಾನಕ್ಕಿಂತ ಕಡಿಮೆ ಪಾಲೇನೂ ಇರಲಿಲ್ಲ.

ಉಗಾಂಡಾ ಇನ್ನೊಂದು ದಾರಿ ಹಿಡಿದು 1991ರಲ್ಲಿ ಮಂಡಳಿಯ ಏಕಸ್ವಾಮ್ಯವನ್ನು ತೆಗೆಯಿತು. ರಫ್ತು ಬೆಲೆಯಲ್ಲಿ ರೈತನ ಪಾಲು ಗಮನಾರ್ಹವಾಗಿ ಏರಿತು. ಅದೇ ದಶಕದಲ್ಲಿ ರೊಬಸ್ಟಾ ಗಿಡಗಳಿಗೆ ಸೊರಗು ರೋಗ ತಗುಲದಿದ್ದರೆ ಫಲ ಇನ್ನೂ ಚೆನ್ನಾಗಿರುತ್ತಿತ್ತು.

ಬ್ರೆಜಿಲ್ ಮತ್ತು ಕೊಲಂಬಿಯಾ

ಬ್ರೆಜಿಲ್ 1990ರ ಮಾರ್ಚ್‌ನಲ್ಲಿ ತನ್ನ ಕಾಫಿ ಸಂಸ್ಥೆಯನ್ನೇ ರದ್ದುಮಾಡಿತು. 1975ರ ಜುಲೈನಲ್ಲಿ ಪರನಾ ಪ್ರಾಂತ್ಯದ ತೋಟಗಳು ಚಳಿಗೆ ಕರಕಲಾದಾಗಿನಿಂದಲೂ ಬೆಳೆ ಉತ್ತರಕ್ಕೆ, ಮಿನಾಸ್ ಜೆರೈಸ್‌ನ ಸೆರಾಡೊ ಬಯಲಿಗೆ, ಸರಿಯುತ್ತಿತ್ತು. ಅಲ್ಲಿನ ಹುಳಿ ಮಣ್ಣಿಗೆ ಸುಣ್ಣ ಬೆರೆಸಿ, ಸಮತಟ್ಟಾದ ನೆಲದಲ್ಲಿ ಸಾಲು ಹಿಡಿದು ನೆಟ್ಟ ಗಿಡಗಳ ನೆತ್ತಿಯ ಮೇಲೆ ಹಾದುಹೋಗುವ ಕೊಯ್ಲಿನ ಯಂತ್ರ, ಅದುರುವ ಕಡ್ಡಿಗಳಿಂದ ಹಣ್ಣುಗಳನ್ನು ಉದುರಿಸುತ್ತದೆ. ಸರ್ಕಾರವೇ ಎಲ್ಲವನ್ನೂ ಒಟ್ಟುಗೂಡಿಸಿ ಮಾರುತ್ತಿದ್ದ ಕಾಲದಲ್ಲಿ ಒಳ್ಳೆಯ ಬೀಜಕ್ಕೆ ಪ್ರತ್ಯೇಕ ಬೆಲೆ ಸಿಗುವುದು ಅಪರೂಪವಾಗಿತ್ತು. ಸಂಸ್ಥೆ ಹೋದ ಮೇಲೆ ಸೆರಾಡೊದ ಬೆಳೆಗಾರರು ಸಿಪ್ಪೆ ಸುಲಿದು ಅಂಟಿನೊಂದಿಗೇ ಒಣಗಿಸುವ ಪದ್ಧತಿಯನ್ನು ರೂಢಿಸಿಕೊಂಡು ಕೊಳ್ಳುವವರೊಂದಿಗೆ ನೇರವಾಗಿ ವ್ಯವಹರಿಸತೊಡಗಿದರು. 1989ರಲ್ಲಿ ಪಾಲು ಕಡಿಮೆಯಾದೀತೆಂದು ಹೆದರಿದ ದೇಶವೇ ಕೋಟಾ ಇಲ್ಲದ ಕಾಲದಲ್ಲಿ ಹೆಚ್ಚು ಬಲಗೊಂಡಿತು.

ಕೊಲಂಬಿಯಾದ ಗುಡ್ಡದ ಇಳಿಜಾರಿನಲ್ಲಿ ಆ ಯಂತ್ರ ಓಡುವುದಿಲ್ಲ. ಒಂದೇ ರೆಂಬೆಯಲ್ಲಿ ಕಾಯಿ, ಹಣ್ಣು ಎರಡೂ ಇರುವುದರಿಂದ ಕೂಲಿಯಾಳುಗಳು ಮಾಗಿದ್ದನ್ನು ಮಾತ್ರ ಆರಿಸಿ, ಮತ್ತೆ ಮತ್ತೆ ಬಂದು ಕೊಯ್ಯಬೇಕು. ಖರ್ಚಿನಲ್ಲಿ ಸ್ಪರ್ಧಿಸಲಾಗದ ಈ ದೇಶಕ್ಕೆ ಆಸರೆಯಾದದ್ದು ಒಕ್ಕೂಟ. ಖರೀದಿಯ ಭರವಸೆ, ರಫ್ತಿಗೆ ಗುಣಮಟ್ಟದ ತಪಾಸಣೆ, ಮೂಲದ ಹೆಸರನ್ನೇ ಗುರುತಾಗಿ ಮಾರುವ ಜಾಹೀರಾತು ಇವುಗಳನ್ನು ಅದು ಬಿಡಲಿಲ್ಲ. 2007ರಲ್ಲಿ ಐರೋಪ್ಯ ಒಕ್ಕೂಟ ಕೊಲಂಬಿಯಾ ಕಾಫಿಗೆ ಭೌಗೋಳಿಕ ಸೂಚಕದ ರಕ್ಷಣೆ ನೀಡಿತು. ಉತ್ಪಾದನೆ ಮಾತ್ರ 1990ರ ದಶಕದ ಆರಂಭದ ಮಟ್ಟದಿಂದ ಬಹಳ ಇಳಿದಿತ್ತು, ಆ ಇಳಿತದ ನೋವನ್ನು ಉಂಡವರು ಗುಡ್ಡಗಾಡಿನ ಸಣ್ಣ ರೈತರು.

ಕೋಟಾ ಪದ್ಧತಿಯನ್ನು ಮರಳಿ ತರಬೇಕೆಂದು ನಾನು ವಾದಿಸುವುದಿಲ್ಲ. ಅದು ಹಳಬರ ಪಾಲನ್ನು ಹೊಸಬರಿಂದ ಕಾಯುವ ಬೇಲಿಯೂ ಆಗಿತ್ತು. ಆದರೆ ಅದು ಹೋದ ಮೇಲೆ ಯಾರ ಪಾಲು ಎಷ್ಟಾಯಿತು ಎಂಬುದನ್ನು ನೇರವಾಗಿ ಹೇಳಬೇಕು. ಕಾಫಿ ಸಂಸ್ಥೆಯ ಅಂದಾಜಿನಂತೆ 1990ರ ದಶಕದ ಆರಂಭದಲ್ಲಿ ಚಿಲ್ಲರೆ ಮಾರಾಟ ಸುಮಾರು 3,000 ಕೋಟಿ ಡಾಲರ್ ಆಗಿದ್ದಾಗ ಬೆಳೆಯುವ ದೇಶಗಳ ರಫ್ತು ಗಳಿಕೆ 1,000ದಿಂದ 1,200 ಕೋಟಿ ಡಾಲರ್ ಇತ್ತು. ಸುಮಾರು ಹತ್ತು ವರ್ಷಗಳ ನಂತರ ಚಿಲ್ಲರೆ ಮಾರಾಟ 7,000 ಕೋಟಿಗೆ ಏರಿದಾಗ ಅದೇ ಗಳಿಕೆ 550 ಕೋಟಿಗೆ ಇಳಿದಿತ್ತು.

ಹುರಿಯುವವರ ಅನುಕೂಲ

ಈ ಅಂತರ ಹೋಗಿ ಸೇರಿದ್ದು ಹುರಿಯುವ ಮತ್ತು ಮಾರುವ ಹಂತಕ್ಕೆ. ಒಂದು ಮರವೂ ಕಾಫಿ ಬೆಳೆಯದ ಜರ್ಮನಿ ವರ್ಷಕ್ಕೆ ಸುಮಾರು 10 ಲಕ್ಷ ಟನ್ ಹುರಿಯದ ಬೀಜ ತರಿಸಿಕೊಂಡು, ಹುರಿದ ಕಾಫಿಯ ಮುಂಚೂಣಿ ರಫ್ತುದಾರರಲ್ಲಿ ಒಂದಾಗಿದೆ. ಇದಕ್ಕೆ ಸುಂಕದ ಏಣಿಯನ್ನು ದೂರುವುದು ವಾಡಿಕೆ: ಐರೋಪ್ಯ ಒಕ್ಕೂಟದಲ್ಲಿ ಹುರಿಯದ ಬೀಜಕ್ಕೆ ಸುಂಕವಿಲ್ಲ, ಹುರಿದದ್ದಕ್ಕೆ ಶೇ 7.5, ಇನ್‌ಸ್ಟಂಟ್ ಕಾಫಿಗೆ ಶೇ 9. ಮೌಲ್ಯವರ್ಧನೆಯ ದಾರಿಯನ್ನು ಒಪ್ಪಂದಗಳೇ ಅಡ್ಡಗಟ್ಟಿದ ನಿದರ್ಶನಗಳೂ ಇವೆ. 1960ರ ದಶಕದಲ್ಲಿ ಬ್ರೆಜಿಲ್ಲಿನ ಇನ್‌ಸ್ಟಂಟ್ ಕಾರ್ಖಾನೆಗಳು ರಫ್ತಿಗೆ ಸಲ್ಲದ ಒಡಕು ಬೀಜವನ್ನು ರಫ್ತು ತೆರಿಗೆಯ ಹೊರೆಯಿಲ್ಲದೆ ಬಳಸಿ ಅಮೆರಿಕದ ಮಾರುಕಟ್ಟೆಯಲ್ಲಿ ಬೇರೂರತೊಡಗಿದಾಗ, ಅಲ್ಲಿನ ತಯಾರಕರು ಎದ್ದುನಿಂತರು. 1968ರ ಒಪ್ಪಂದದಲ್ಲಿ ಇಂಥ ತಾರತಮ್ಯದ ವಿರುದ್ಧ 44ನೇ ವಿಧಿ ಸೇರಿತು, ಮರುವರ್ಷ ಬ್ರೆಜಿಲ್ ಅಮೆರಿಕಕ್ಕೆ ಹೋಗುವ ಇನ್‌ಸ್ಟಂಟ್ ಕಾಫಿಯ ಮೇಲೆ ಪೌಂಡಿಗೆ 13 ಸೆಂಟ್ ತೆರಿಗೆ ಹಾಕಬೇಕಾಯಿತು. ಒಡಕು ಬೀಜದಿಂದ ಕಾರ್ಖಾನೆ ಕಟ್ಟುವ ಅನುಕೂಲ ಸಹಜವಾಗಿಯೇ ಇದ್ದ ದೇಶಕ್ಕೆ ಅದನ್ನು ಬಳಸುವ ಹಕ್ಕು ಇರಲಿಲ್ಲ.

ಆದರೂ ಸುಂಕವೊಂದೇ ಕಾರಣವೆಂದು ನಾನು ಒಪ್ಪಲಾರೆ. ಇಥಿಯೋಪಿಯಾ, ಉಗಾಂಡಾದಂತಹ ಅತಿ ಹಿಂದುಳಿದ ದೇಶಗಳ ಸರಕು 2001ರಿಂದ ಐರೋಪ್ಯ ಒಕ್ಕೂಟಕ್ಕೆ ಸುಂಕವಿಲ್ಲದೆ ಹೋಗಬಹುದಾಗಿದ್ದರೂ ಅವು ಕಳುಹಿಸುತ್ತಿರುವುದು ಬಹುಮಟ್ಟಿಗೆ ಹುರಿಯದ ಬೀಜವನ್ನೇ. ಹುರಿಯುವವನ ನಿಜವಾದ ಬಲವಿರುವುದು ಮಿಶ್ರಣದಲ್ಲಿ. ಹ್ಯಾಂಬರ್ಗಿನ ಕಾರ್ಖಾನೆ ಹತ್ತಾರು ದೇಶಗಳ ಬೀಜಗಳನ್ನು ಪಕ್ಕಪಕ್ಕದಲ್ಲಿಟ್ಟುಕೊಂಡು, ಒಂದರ ಬೆಲೆ ಏರಿದರೆ ಇನ್ನೊಂದನ್ನು ಹಾಕಿ, ರುಚಿ ಕೆಡದಂತೆ ಖರ್ಚನ್ನು ಹಿಡಿತದಲ್ಲಿಡುತ್ತದೆ. ರೊಬಸ್ಟಾವನ್ನು ಹಬೆಯಲ್ಲಿ ಹಾಯಿಸಿ ಅದರ ಒಗರು ತಗ್ಗಿಸುವ ತಂತ್ರ ಬಂದ ಮೇಲಂತೂ ಈ ಬದಲಾವಣೆ ಇನ್ನೂ ಸಲೀಸಾಯಿತು. ಬೆಳೆಯುವ ದೇಶದ ಕಾರ್ಖಾನೆಗೆ ಹೆಚ್ಚಾಗಿ ದಕ್ಕುವುದು ತನ್ನ ನೆಲದ ಬೀಜ ಮಾತ್ರ. ಹೊರಗಿನ ಬೀಜಕ್ಕೆ ಬಾಗಿಲು ಮುಚ್ಚಿರುವುದು ಹಲವೆಡೆ ಆ ದೇಶಗಳ ಸ್ವಂತ ನಿಯಮಗಳೇ.

ಬ್ರೆಜಿಲ್ ಈ ಪ್ರಶ್ನೆಯನ್ನು 2017ರಲ್ಲಿ ಎದುರಿಸಿತು. ಎಸ್ಪಿರಿಟೊ ಸಾಂಟೊ ಪ್ರಾಂತ್ಯದ ಬರದಿಂದ ರೊಬಸ್ಟಾ ಫಸಲು ಕುಸಿದಾಗ ಇನ್‌ಸ್ಟಂಟ್ ತಯಾರಕರು ವಿಯೆಟ್ನಾಮಿನಿಂದ ಬೀಜ ತರಿಸಲು ಅನುಮತಿ ಕೇಳಿದರು. ಆ ವರ್ಷದ ಫೆಬ್ರವರಿಯಲ್ಲಿ ಸರ್ಕಾರ ಒಪ್ಪಿತು, ಬೆಳೆಗಾರರು ರೋಗ ಮತ್ತು ಕೀಟದ ಭಯ ಮುಂದಿಟ್ಟು ಪ್ರತಿಭಟಿಸಿದರು, ದಿನಗಳು ಕಳೆಯುವುದರೊಳಗೆ ಅಧ್ಯಕ್ಷ ಮಿಷೆಲ್ ಟೆಮೆರ್ ಅನುಮತಿಯನ್ನು ತಡೆಹಿಡಿದರು. ಬೆಳೆಗಾರರ ಆತಂಕ ಸುಳ್ಳಲ್ಲ. ಸೊರಗು ರೋಗ ಒಂದು ದೇಶದ ರೊಬಸ್ಟಾವನ್ನು ಏನು ಮಾಡಬಲ್ಲದೆಂದು ಉಗಾಂಡಾ ಕಂಡಿದೆ. ಆದರೆ ತೋಟದ ಅನುಕೂಲವನ್ನು ಕಾಯುವ ಆ ನಿಯಮವೇ ಕಾರ್ಖಾನೆಯ ಅನುಕೂಲಕ್ಕೆ ಮಿತಿ ಹಾಕಿತು, ಮತ್ತು ಜಗತ್ತಿನಲ್ಲಿ ಅತಿ ಹೆಚ್ಚು ಕಾಫಿ ಬೆಳೆಯುವ ದೇಶದಲ್ಲಿ ಈ ಎರಡರ ನಡುವಿನ ಆಯ್ಕೆಯನ್ನು ಮಾಡಿದ್ದು ಸರ್ಕಾರದ ಒಂದು ಆದೇಶ.